ಮುಚ್ತಾರಂತೆ

ನಮ್ಮ ಉಬ್ರಾಣಿ ಕಡೆ 'ಫ್ಯಾಕ್ಟರಿ' ಅಂದ್ರೆ ಯಾವುದು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಬ್ಬಿಣದ್ದು ಐರನ್ ಫ್ಯಾಕ್ಟರಿ, ಕಾಗದದ್ದು ಪೇಪರ್ ಮಿಲ್ಲು. ಎರಡೂ ಭದ್ರಾವತಿಯವು. ನಮ್ಮ ಚನ್ನಗಿರಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅಲ್ಲಿವರೆಗೆ ನಾವೂ ಶಿವಮೊಗ್ಗ ಜಿಲ್ಲೆಯವರೇ. ಜಿಲ್ಲೆ ಬದಲಾದರೂ ಊರ ಸುತ್ತಲಿನ ಕಾಡು ಮಾತ್ರ ಇವತ್ತಿಗೂ ಭದ್ರಾವತಿ ಅರಣ್ಯ ವಿಭಾಗದ ಲೆಕ್ಕದಲ್ಲೇ ಇದೆ. ಹಿಂದೆ ಹೆಣ್ಣು ಕೊಡೋರಿಗೆ "ಹುಡುಗ ಫ್ಯಾಕ್ಟರೀಲಿ ಕಾಯಂ" ಅಂದ್ರೆ ಸಾಕಿತ್ತಂತೆ, ತೋಟ ಎಷ್ಟು ಎಕರೆ ಅನ್ನೋ ಪ್ರಶ್ನೆ ಆಮೇಲೆ ಬರ್ತಿತ್ತು.

ಆ ಫ್ಯಾಕ್ಟರಿಯ ಹೆಸರಿನ ಜೊತೆಗೇ ಚಿಕ್ಕಂದಿನಿಂದ ನನ್ನ ಕಿವಿಗೆ ಬಿದ್ದ ಇನ್ನೊಂದು ಪದ 'ಮುಚ್ತಾರಂತೆ'. ಭದ್ರಾವತಿಯಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಹಬ್ಬಕ್ಕೆ ಬಂದಾಗೆಲ್ಲ ಯಾರಾದರೂ ಕೇಳೋರು, "ಏನಪ, ಮುಚ್ತಾರಂತೆ?" ಮಾವ ಎಲೆ ಅಡಿಕೆ ಹಾಕ್ಕೊಂಡು, "ನಮ್ ಸರ್ವೀಸ್ ಮುಗಿಯಾಗಂಟ ಏನೂ ಆಗಲ್ಲ ಬಿಡು" ಅಂತಿದ್ದ. ಮುಚ್ಚೋರು ಯಾರು ಅಂತ ಆ ಮಾತಿನಲ್ಲಿ ಇಲ್ಲ. ಹೇಳಿದ್ದು ಯಾರು ಅಂತಲೂ ಇಲ್ಲ. ಕನ್ನಡದ 'ಅಂತೆ'ಯ ಗುಣವೇ ಅದು. ಸುದ್ದಿ ಬರುತ್ತೆ, ಜವಾಬ್ದಾರಿ ಬರಲ್ಲ.

ಈಗ ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನುಗಳಲ್ಲೂ ಇದೇ ಪದ ಓಡಾಡ್ತಿದೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ. 2ರಷ್ಟು, ಅಂದ್ರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡ್ತೀವಿ ಅಂತ ಹೇಳಿದ ದಿನದಿಂದ, 'ಅಲ್ಲಿಗೆ ಸೇರಿದರೆ ರಿಟೈರ್ ಆಗೋವರೆಗೆ ಚಿಂತೆಯಿಲ್ಲ' ಅಂದುಕೊಂಡಿದ್ದವರೂ ನಿದ್ದೆಗೆಟ್ಟಿದ್ದಾರೆ. ನಮ್ಮ ಟೀಮಿನ ಹುಡುಗರು ಇದನ್ನ ಎಐ ಬಂದ ಮೇಲೆ ಹುಟ್ಟಿದ ಹೊಸ ಕಾಯಿಲೆ ಅಂತ ಮಾತಾಡ್ತಾರೆ. ನನಗೆ ಹಾಗನ್ನಿಸಲ್ಲ. ನಮ್ಮೂರ ಪಕ್ಕದಲ್ಲೇ ಒಂದು ದೊಡ್ಡ ಸಂಸ್ಥೆ ನೂರು ವರ್ಷ ಹೇಗೆ ಏಳ್ತಾ ಬೀಳ್ತಾ ಬಂತು, ಅದರ ಯಜಮಾನರು ಬದಲಾದ ಹಾಗೆ ಅಲ್ಲಿನ ಜನರ ಎದೆಬಡಿತ ಹೇಗೆ ಬದಲಾಯ್ತು ಅನ್ನೋದನ್ನ ನೋಡಿದರೆ, ನಮ್ಮ ಇವತ್ತಿನ ಭಯದ ಬಹುಪಾಲು ಅಲ್ಲೇ ಸಿಗುತ್ತೆ.

ನಷ್ಟದಲ್ಲೇ ಹುಟ್ಟಿದ ಕಾರ್ಖಾನೆ

ಭದ್ರಾವತಿಯ ಹಳೆ ಹೆಸರು ಬೆಂಕಿಪುರ. ಆ ಹೆಸರು ಮುಂದೆ ಕುಲುಮೆ ಬರುತ್ತೆ ಅಂತ ಇಟ್ಟದ್ದೇನಲ್ಲ, ಆದರೂ ಹೊಂದಿಕೊಂಡಿತು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭಂಡಿಗುಡ್ಡದಲ್ಲಿ ಸುಣ್ಣದ ಕಲ್ಲಿತ್ತು, ಭದ್ರಾ ನದಿಯಲ್ಲಿ ನೀರಿತ್ತು, ಸುತ್ತ ಕಾಡಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದಕ್ಕೇ ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆ. ಕಾರ್ಖಾನೆಯ ಮೊದಲ ಹೆಸರಲ್ಲೇ ಕಟ್ಟಿಗೆ ಇತ್ತು: ಮೈಸೂರ್ ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಇದ್ದಿಲಿನ ಜೊತೆಗೆ ಮೀಥೈಲ್ ಆಲ್ಕೊಹಾಲ್, ಡಾಂಬರಿನಂಥ ಉಪ ಉತ್ಪನ್ನಗಳನ್ನೂ ಮಾರಿ ಖರ್ಚು ಸರಿದೂಗಿಸಬೇಕು ಅನ್ನೋದು ಲೆಕ್ಕ. ತನ್ನಪ್ಪ ಗಾಡಿ ಕಟ್ಟಿ ಕಾಡಿನ ಕಟ್ಟಿಗೆ ಹೊಡೀತಿದ್ದ ಅಂತ ನಮ್ಮಜ್ಜ ಹೇಳ್ತಿದ್ದ. ಆ ಕಾಲದ ದೊಡ್ಡ ಉದ್ದಿಮೆ ನಮ್ಮಂಥ ಊರುಗಳನ್ನ ಮುಟ್ಟಿದ್ದು ಹಾಗೆ, ನೌಕರಿಗಿಂತ ಮೊದಲು ಗಾಡಿ ಬಾಡಿಗೆಯಾಗಿ.

ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1918ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕೊನೆಯ ದಿನಗಳಲ್ಲಿ. ಯುದ್ಧದ ಕಾಲದ ದುಬಾರಿ ಬೆಲೆಯಲ್ಲಿ ಯಂತ್ರ ತರಿಸಿ, 1923ರ ಜನವರಿ 18ರಂದು ಉತ್ಪಾದನೆ ಶುರುವಾಗುವ ಹೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಕಟ್ಟುವಾಗ ದುಬಾರಿ, ಮಾರುವಾಗ ಅಗ್ಗ. ಸ್ಟಾರ್ಟಪ್ ಭಾಷೆ ಗೊತ್ತಿರೋರಿಗೆ ಇದು ಅರ್ಥವಾಗುತ್ತೆ: ಮಾರುಕಟ್ಟೆ ಉಬ್ಬಿದಾಗ ಬಂಡವಾಳ ಹೂಡಿ, ಕುಸಿದಾಗ ಸರಕು ಹೊರಗೆ ಬಿಟ್ಟ ಹಾಗೆ. ಬಡ ರಾಜ್ಯದ ದುಡ್ಡೆಲ್ಲ ಈ ಕುಲುಮೆಗೆ ಹೋಯ್ತು ಅಂತ ಬೈಯೋರಿಗೇನೂ ಕಮ್ಮಿ ಇರಲಿಲ್ಲ. 'ಮುಚ್ತಾರಂತೆ' ಅನ್ನೋ ಮಾತಿಗೆ ಆಗಲೇ ತಕ್ಕಷ್ಟು ಕಾರಣ ಇತ್ತು.

ಮೈಸೂರು ಸರ್ಕಾರ ಮುಚ್ಚಲಿಲ್ಲ. ಅರವತ್ತು ದಾಟಿದ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1923ರಿಂದ 1929ರ ತನಕ ಅವರು ಆ ಜಾಗದಲ್ಲಿದ್ದರು. ವಿದೇಶಿ ತಜ್ಞರ ಸಂಖ್ಯೆ ಇಳಿಸಿದರು, ಆ ಕೆಲಸಗಳಿಗೆ ಇಲ್ಲಿನ ಹುಡುಗರನ್ನ ತಯಾರು ಮಾಡಿದರು, ಖರ್ಚಿನ ಒಂದೊಂದು ಬಾಬ್ತನ್ನೂ ಹಿಡಿದು ನೋಡಿದರು. ತಮ್ಮ ಸಂಬಳದ ಮಾತು ಬಂದಾಗ, ಕಾರ್ಖಾನೆ ಲಾಭಕ್ಕೆ ಬಂದ ಮೇಲೆ ನೋಡೋಣ ಅಂದರು. ಮುಂದೆ ಆ ಬಾಕಿ ದುಡ್ಡು ಬಂದಾಗ ಅದನ್ನೂ ಇಟ್ಟುಕೊಳ್ಳಲಿಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್, ಅಂದ್ರೆ ನಾವೆಲ್ಲ ಎಸ್‌ಜೆ ಪಾಲಿಟೆಕ್ನಿಕ್ ಅಂತ ಕರೆಯೋ ಸಂಸ್ಥೆ, ಆ ದುಡ್ಡಿನ ಬೆಂಬಲದಿಂದ ಶುರುವಾಯ್ತು.

ಇದನ್ನ ಕೇಳಿದ ಕೂಡಲೇ 'ಅಂಥ ಮಹಾತ್ಮರು ಈಗೆಲ್ಲಿ' ಅಂತ ಕೈ ಮುಗಿಯೋದು ಸುಲಭ. ನಾನು ಹೇಳ್ತಿರೋದು ಬೇರೆ. ಅವರೂ ಖರ್ಚು ಕಡಿತ ಮಾಡಿದರು. ಅವರ ಕೈಕೆಳಗೆ ಕೆಲಸ ಮಾಡೋದು ಸಲೀಸಿನ ಮಾತೂ ಆಗಿರಲಿಲ್ಲ, ಆ ಶಿಸ್ತಿನ ಕತೆಗಳು ಇವತ್ತಿಗೂ ಇವೆ. ಆದರೆ ಕಡಿತ ಮಾಡುವವರ ಸಂಬಳ ಕಾರ್ಖಾನೆಯ ಲಾಭಕ್ಕೆ ಕಟ್ಟಿಹಾಕಿತ್ತು. ಕುಲುಮೆ ಆರಿದರೆ ಮೊದಲು ಹೆಸರು ಕೆಡೋದು ಅವರದೇ. ನಿರ್ಧಾರ ತಗೊಳ್ಳುವವರಿಗೂ ಅದರ ಫಲ ಉಣ್ಣುವವರಿಗೂ ನಡುವೆ ಅಂತರ ಕಡಿಮೆ ಇತ್ತು.

ಮೊದಲ ಸಾಲಿನಿಂದ ಕೊನೆಯ ಸಾಲಿಗೆ

ಆಮೇಲಿನ ನಲವತ್ತು ವರ್ಷ ಏರುಗಾಲ. 1936ರಲ್ಲಿ ಉಕ್ಕು ತಯಾರಿಕೆ ಬಂತು. ಅದೇ ವರ್ಷ ಮೇ 20ರಂದು ಮೈಸೂರು ಕಾಗದ ಕಾರ್ಖಾನೆ, ಅಂದ್ರೆ ಎಂಪಿಎಂ, ಸ್ಥಾಪನೆಯಾಯ್ತು. ಸಿಮೆಂಟು ಬಂತು. ಜೋಗದ ಕರೆಂಟು ಸಿಕ್ಕ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆ, ಆಮೇಲೆ ಮಿಶ್ರಲೋಹದ ವಿಶೇಷ ಉಕ್ಕು. ನ್ಯೂಟೌನು, ಪೇಪರ್ ಟೌನು ಅಂತ ಕ್ವಾರ್ಟರ್ಸಿನ ಬಡಾವಣೆಗಳೇ ಊರಾದವು. ಸುತ್ತಲ ಹಳ್ಳಿಗಳ ಹಾಲು, ತರಕಾರಿ, ಬಾಳೆಗೊನೆಗೆಲ್ಲ ಅಲ್ಲಿ ಗಿರಾಕಿ ಇತ್ತು. ಸಂಬಳದ ದಿನ ಭದ್ರಾವತಿ ಪೇಟೆಯಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ ಅಂತ ಮಾವ ಹೇಳ್ತಾನೆ.

ಇದೇ ಹೊತ್ತಲ್ಲಿ ಯಜಮಾನಿಕೆ ನಿಧಾನಕ್ಕೆ ದೂರ ಸರೀತಾ ಹೋಯ್ತು. 1962ರಲ್ಲಿ ಸರ್ಕಾರಿ ಇಲಾಖೆಯ ಥರ ಇದ್ದ ಕಾರ್ಖಾನೆ ಕಂಪನಿಯಾಯ್ತು, ರಾಜ್ಯದ ಜೊತೆಗೆ ಕೇಂದ್ರವೂ ಪಾಲುದಾರ. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂದು ವಿಐಎಸ್‌ಎಲ್ ಆಯ್ತು. ನಷ್ಟ ತಡೆಯಲಾಗದೆ 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರ, ಅಂದ್ರೆ ಸೈಲ್, ಇದನ್ನ ತನ್ನ ಅಂಗಸಂಸ್ಥೆ ಮಾಡಿಕೊಂಡಿತು. 1998ರಲ್ಲಿ ಪೂರ್ತಿ ವಿಲೀನ.

ಕಾಗದದ ಮೇಲೆ ಇದು ಬಡ್ತಿ. ರಾಜ್ಯದ ಬೊಕ್ಕಸಕ್ಕಿಂತ ಸೈಲ್‌ನ ಬೊಕ್ಕಸ ದೊಡ್ಡದು. ಅವತ್ತು ಭದ್ರಾವತಿಯಲ್ಲಿ ಖುಷಿಪಟ್ಟವರೇ ಹೆಚ್ಚು ಇದ್ದಿರಬೇಕು, ಇನ್ನು ನಾವು ಸೆಂಟ್ರಲ್ ಗೌರ್ಮೆಂಟ್ ಕಂಪನಿಯವರು ಅಂತ. ಆದರೆ ಲೆಕ್ಕದ ಪುಸ್ತಕವನ್ನ ಕಣ್ಣ ಮುಂದೆ ತಂದುಕೊಳ್ಳಿ. ಮೈಸೂರು ಸಂಸ್ಥಾನದ ಕೈಗಾರಿಕೆಗಳ ಪಟ್ಟಿಯಲ್ಲಿ ಭದ್ರಾವತಿ ಮೊದಲ ಸಾಲಲ್ಲಿತ್ತು. ಸೈಲ್‌ನ ಪಟ್ಟಿಯಲ್ಲಿ ಭಿಲಾಯಿ, ಬೊಕಾರೊ, ರೂರ್ಕೆಲಾ, ದುರ್ಗಾಪುರ ಎಲ್ಲ ಆದಮೇಲೆ ಕೊನೆಯಲ್ಲಿ ಭದ್ರಾವತಿ. ಕಾರ್ಖಾನೆ ಅದೇ, ಕುಲುಮೆ ಅದೇ, ಜನ ಅವರೇ. ನೋಡುವವರ ಹಾಳೆ ಬದಲಾಯ್ತು. ಮೊದಲ ಸಾಲಿಗೆ ನಷ್ಟವಾದರೆ ಸಭೆ ಕರೀತಾರೆ. ಕೊನೆಯ ಸಾಲಿಗೆ ನಷ್ಟವಾದರೆ ಸಾಲನ್ನೇ ಅಳಿಸಬಹುದಲ್ಲ ಅನ್ನೋ ಯೋಚನೆ ಬರುತ್ತೆ. ಆ ಯೋಚನೆ ಮಾಡುವವರು ಕೆಟ್ಟವರೇ ಆಗಬೇಕಿಲ್ಲ. ದೆಹಲಿಯ ಲೋಧಿ ರಸ್ತೆಯ ಇಸ್ಪಾತ್ ಭವನದ ಕಿಟಕಿಯಿಂದ ಭದ್ರಾ ನದಿ ಕಾಣಲ್ಲ, ಅಷ್ಟೇ.

ಇಲ್ಲಿ ನಮ್ಮ ಐಟಿಯವರು ಸ್ವಲ್ಪ ನಿಂತು ನೋಡಬೇಕು. ದೊಡ್ಡ ಕಂಪನಿ ನಮ್ಮ ಚಿಕ್ಕ ಕಂಪನಿಯನ್ನ ಕೊಂಡಾಗ ಕೇಕ್ ಕತ್ತರಿಸ್ತೀವಿ, ಹೊಸ ಟೀಶರ್ಟ್ ಹಾಕ್ಕೋತೀವಿ. ಹೊಸ ಯಜಮಾನರ ಪಟ್ಟಿಯಲ್ಲಿ ನಮ್ಮ ಪ್ರಾಡಕ್ಟ್ ಎಷ್ಟನೇ ಸಾಲಿಗೆ ಹೋಯ್ತು ಅಂತ ಕೇಳೋರು ಕಡಿಮೆ.

ಒಂದೇ ದಿನಕ್ಕೆ ಮುಚ್ಚಲ್ಲ

ಕಾರ್ಖಾನೆ ಬೀಳೋದು ಒಂದು ದಿನದ ಕೆಲಸವಲ್ಲ. ಭದ್ರಾವತಿಯಲ್ಲಿ ಮೊದಲು ಕೈ ತಪ್ಪಿದ್ದು ಕಚ್ಚಾ ಮಾಲು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಕಾರ್ಖಾನೆಗೆ ಸ್ವಂತ ಗಣಿ ಇಲ್ಲದಾಯ್ತು. ಒಂದು ಕಾಲಕ್ಕೆ ಬೆಟ್ಟದಿಂದ ರೋಪ್‌ವೇ ಮೇಲೆ ತಾನಾಗೇ ಇಳಿದು ಬರ್ತಿದ್ದ ಅದಿರನ್ನ ಹೊರಗಿಂದ ಕೊಳ್ಳಬೇಕಾಯ್ತು. ಸ್ವಂತ ಗಣಿ ಕೊಡಿ ಅನ್ನೋ ಬೇಡಿಕೆ, ಕೊಡ್ತೀವಿ ಅನ್ನೋ ಭರವಸೆ, ಇವೆರಡೂ ವರ್ಷಗಟ್ಟಲೆ ನಡೆದವು. ಆಮೇಲೆ ನಿಂತದ್ದು ನೇಮಕಾತಿ. ಕಾಯಂ ಜನ ನಿವೃತ್ತಿಯಾದರು, ಅವರ ಜಾಗಕ್ಕೆ ಗುತ್ತಿಗೆಯವರು ಬಂದರು. ಅದೇ ಯಂತ್ರ, ಅದೇ ಶಿಫ್ಟು, ಬೇರೆ ಬಣ್ಣದ ಪಾಸು. ಕೊನೆಗೆ ನಿಂತದ್ದು ಬಂಡವಾಳ.

2016ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಭದ್ರಾವತಿ, ಸೇಲಂ, ದುರ್ಗಾಪುರದ ಅಲಾಯ್ ಸ್ಟೀಲ್, ಈ ಮೂರು ಘಟಕಗಳ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಕೊಳ್ಳುವವರಿದ್ದರೆ ಬನ್ನಿ ಅಂತ ಕರೆದಿದ್ದು 2019ರ ಜುಲೈಯಲ್ಲಿ. ಸಾಕಷ್ಟು ಆಸಕ್ತಿ ಯಾರೂ ತೋರಿಸಲಿಲ್ಲ ಅಂತ ಭದ್ರಾವತಿಯ ಮಾರಾಟವನ್ನೇ ಕೈಬಿಟ್ಟಿದ್ದು 2022ರ ಅಕ್ಟೋಬರಿನಲ್ಲಿ. ಮುಚ್ಚುವ ತೀರ್ಮಾನಕ್ಕೆ ಸೈಲ್ ಮಂಡಳಿ ಬಂದದ್ದು 2023ರ ಜನವರಿಯಲ್ಲಿ. ಮೊದಲ ಉತ್ಪಾದನೆಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳದು.

ಆ ದಿನಾಂಕಗಳ ನಡುವಿನ ಆರು ವರ್ಷ ನೋಡಿ. ಮಾರಾಟಕ್ಕಿಟ್ಟ ಮನೆಗೆ ಯಾರೂ ಸುಣ್ಣ ಬಳಿಯಲ್ಲ. ಹೊಸ ಯಂತ್ರ ಬರಲ್ಲ, ಯಂತ್ರ ಬರದೆ ಉತ್ಪಾದನೆ ಏರಲ್ಲ, ಉತ್ಪಾದನೆ ಏರದೆ ನಷ್ಟ ಇಳಿಯಲ್ಲ, ನಷ್ಟ ಇಳಿಯದ್ದಕ್ಕೆ ಕೊಳ್ಳೋರು ಬರಲ್ಲ. ಕೊಳ್ಳೋರು ಬರಲಿಲ್ಲ ಅನ್ನೋದೇ ಮುಚ್ಚೋದಕ್ಕೆ ಕಾರಣವಾಗುತ್ತೆ. ಈ ಗಾಣದೊಳಗೆ ಸಿಕ್ಕಿಬಿದ್ದ ಮನುಷ್ಯ ಮಗಳ ಮದುವೆಗೆ ಸಾಲ ಮಾಡಬೇಕೋ ಬೇಡವೋ, ಮಗನನ್ನ ಮೈಸೂರಿನ ಕಾಲೇಜಿಗೆ ಸೇರಿಸಬೇಕೋ ಬೇಡವೋ ಅಂತ ಆರು ವರ್ಷ ತೂಗ್ತಾ ಕೂತಿರ್ತಾನೆ. ಕೆಲಸ ಹೋದ ದುಃಖಕ್ಕೆ ಒಂದು ದಿನಾಂಕ ಇರುತ್ತೆ, ಹೋಗಬಹುದು ಅನ್ನೋ ಭಯಕ್ಕೆ ಇರಲ್ಲ.

ಪಕ್ಕದ ಎಂಪಿಎಂ ಕತೆ ಇನ್ನೂ ಬೇಗ ಮುಗೀತು. 2015ರ ಕೊನೆಗೆ ಅಲ್ಲಿ ಉತ್ಪಾದನೆ ನಿಂತಿತು. ಆಮೇಲೆ ಸ್ವಯಂ ನಿವೃತ್ತಿ, ಕೆಲವರಿಗೆ ಬೇರೆ ಇಲಾಖೆಗಳಿಗೆ ನಿಯೋಜನೆ. ಕನ್ನಡದ ಪತ್ರಿಕೆಗಳು ಎಷ್ಟೋ ವರ್ಷ ಅಚ್ಚಾದದ್ದು ಆ ಕಾರ್ಖಾನೆಯ ಕಾಗದದ ಮೇಲೆ. ಅದರ ಮುಚ್ಚುವಿಕೆಯ ಸುದ್ದಿ ಅಚ್ಚಾದದ್ದು ಬೇರೆಲ್ಲಿಂದಲೋ ಬಂದ ಕಾಗದದ ಮೇಲೆ. ಕಾರ್ಖಾನೆ ನಿಂತ ಮೇಲೂ ಅದಕ್ಕಾಗಿ ಕೊಟ್ಟಿದ್ದ ಮಲೆನಾಡಿನ ಸಾವಿರಾರು ಎಕರೆ ನೆಡುತೋಪಿನ ಗುತ್ತಿಗೆಯನ್ನ 2020ರಲ್ಲಿ ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಕಾಗದ ಬೇಯಿಸೋ ಜನ ಮನೆಗೆ ಹೋಗಿದ್ದರು, ಅಕೇಶಿಯಾಗೆ ಮಾತ್ರ ನೌಕರಿ ಭದ್ರವಾಯ್ತು.

ಪಾಸಿನ ಬಣ್ಣ

2023ರ ಜನವರಿಯಲ್ಲಿ ವಿಐಎಸ್‌ಎಲ್ ಗೇಟಿನ ಮುಂದೆ ಧರಣಿ ಕೂತವರಲ್ಲಿ ದೊಡ್ಡ ಪಾಲು ಗುತ್ತಿಗೆ ಕಾರ್ಮಿಕರದು. ಅವರು ಸಾವಿರಕ್ಕೂ ಹೆಚ್ಚಿದ್ದರು, ಕಾಯಂ ನೌಕರರು ಕೆಲವೇ ನೂರು ಉಳಿದಿದ್ದರು. ಕಾಯಂ ಆದವರಿಗೆ ದೇಶದ ಇನ್ನೊಂದು ಮೂಲೆಯ ಸೈಲ್ ಘಟಕಕ್ಕಾದರೂ ವರ್ಗವಾಗುವ ದಾರಿ ಇತ್ತು. ಗುತ್ತಿಗೆಯವರಿಗೆ ಅದೂ ಇರಲಿಲ್ಲ.

ಕಾನೂನು ಏನು ಹೇಳುತ್ತೆ? 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಮುಂಚಿತ ಅನುಮತಿ ಬೇಕಿತ್ತು. ಕೆಲಸದಿಂದ ತೆಗೆದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಆ 100ನ್ನ 300ಕ್ಕೆ ಏರಿಸಿದೆ. ಗುತ್ತಿಗೆಯವರ ವಿಷಯದಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು 2001ರದು: ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾವಾಗೇ ಮೂಲ ಕಂಪನಿಯ ಕಾಯಂ ನೌಕರರಾಗುವುದಿಲ್ಲ. ಆ ಮೊಕದ್ದಮೆಯಲ್ಲಿ ಕಂಪನಿಯ ಕಡೆ ಇದ್ದದ್ದು ಬೇರೆ ಯಾರೂ ಅಲ್ಲ, ಇದೇ ಸೈಲ್. ಭದ್ರಾವತಿ ಗೇಟಿನ ಮುಂದೆ 2023ರಲ್ಲಿ ಕೂತವರ ಜಾತಕದ ಒಂದು ಪುಟ 22 ವರ್ಷ ಮೊದಲೇ ದೆಹಲಿಯಲ್ಲಿ ಬರೆದಾಗಿತ್ತು.

ನಮ್ಮ ಆಫೀಸುಗಳಲ್ಲೂ ಪಾಸಿಗೆ ಬಣ್ಣವಿದೆ. ವೆಂಡರ್ ಕಡೆಯಿಂದ ಬಂದ ಟೆಸ್ಟರು ನಮ್ಮ ಪಕ್ಕದ ಸೀಟಲ್ಲೇ ಮೂರು ವರ್ಷ ಕೂತಿರ್ತಾರೆ, ಟೀಮ್ ಊಟಕ್ಕೆ ಹೋದಾಗ ಅವರ ಬಿಲ್ಲು ಯಾವ ಬಜೆಟ್ಟಿಗೆ ಅಂತ ಚರ್ಚೆ ಆಗುತ್ತೆ. ಕಡಿತ ಬಂದಾಗ ಅವರು ಕಂಪನಿ ಬಿಟ್ಟ ಲೆಕ್ಕವೂ ಪತ್ರಿಕೆಯ ಸಂಖ್ಯೆಗೆ ಸೇರಲ್ಲ. ಕಾಯಂ ಅನ್ನಿಸಿಕೊಂಡ ನಮ್ಮ ಸ್ಥಿತಿಯಾದರೂ ಏನು? ಸಾಫ್ಟ್‌ವೇರ್ ಎಂಜಿನಿಯರು ಕಾನೂನಿನ ಪ್ರಕಾರ 'ಕಾರ್ಮಿಕ' ಹೌದೋ ಅಲ್ಲವೋ ಅನ್ನೋದೇ ವರ್ಷಗಳ ವಾದ. 'ನಾನೇನ್ ಲೇಬರ್ರಾ?' ಅಂತ ಹೆಮ್ಮೆಯಿಂದ ಕೇಳೋ ನಾವೇ, ಹದಿನೈದು ನಿಮಿಷದ ಎಚ್‌ಆರ್ ಮೀಟಿಂಗ್ ಕ್ಯಾಲೆಂಡರಿನಲ್ಲಿ ಬಂದ ದಿನ ಹೌದು ಅಂತ ಸಾಬೀತು ಮಾಡೋಕೆ ವಕೀಲರನ್ನ ಹುಡುಕಬೇಕಾಗುತ್ತೆ.

ಭದ್ರಾವತಿಯವರು ಧರಣಿ ಕೂತದ್ದಕ್ಕೆ ಏನು ಸಿಕ್ತು? ಏನೂ ಸಿಗಲಿಲ್ಲ ಅನ್ನೋದು ಸುಳ್ಳು. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯ್ತು, ಆಮೇಲೆ ವಿಧಾನಸಭಾ ಚುನಾವಣೆ ಬಂತು, ಎಲ್ಲ ಪಕ್ಷಗಳೂ ಗೇಟಿನ ಮುಂದಿನ ಶಾಮಿಯಾನದ ಕಡೆ ನೋಡಲೇಬೇಕಾಯ್ತು. ಅದೇ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಉಕ್ಕು ಸಚಿವರಾದರು, ಕಾರ್ಖಾನೆಗೆ ಬಂದು ನೋಡಿದರು, ಪುನಶ್ಚೇತನದ ಮಾತಾಡಿದರು. ಮಾತು ಬೇರೆ, ಬಂಡವಾಳ ಬೇರೆ, ಅದು ಭದ್ರಾವತಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕೊನೆಯ ಸಾಲನ್ನ ಸದ್ದಿಲ್ಲದೆ ಅಳಿಸೋದು ಸಾಧ್ಯವಾಗಲಿಲ್ಲ. ಅಷ್ಟರಮಟ್ಟಿಗೆ ಆ ಜನ ತಮ್ಮ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದರು.

ಕೇಳಬೇಕಾದ ಪ್ರಶ್ನೆ

ಊರಿಗೆ ಹೋದಾಗ ನನಗೆ ಸಿಗೋ ಸಮಾಧಾನ ಒಂದೇ: "ಬಿಡಪ, ಕೆಲಸ ಹೋದ್ರೆ ಬಾ, ಅಡಿಕೆ ತೋಟ ಐತಲ್ಲ." ಅಡಿಕೆಗೂ ಮಾರುಕಟ್ಟೆ ಇದೆ, ಬೋರ್‌ವೆಲ್ಲಿಗೂ ಒಂದು ಕೊನೆ ಇದೆ, ತೋಟಕ್ಕೂ ಹಿಸ್ಸೆ ಇದೆ ಅಂತ ಹೇಳೋರಿಗೂ ಗೊತ್ತು. ತೋಟ ಇಲ್ಲದ ಸಹೋದ್ಯೋಗಿಗಂತೂ ಆ ಸಮಾಧಾನವೂ ಇಲ್ಲ. ಆದ್ದರಿಂದ ಇದು ಉತ್ತರವಲ್ಲ, ಪ್ರೀತಿ.

ಭದ್ರಾವತಿಯ ನೂರು ವರ್ಷದಿಂದ ನಾನು ಇಟ್ಟುಕೊಂಡಿರೋದು ಒಂದಷ್ಟು ಪ್ರಶ್ನೆ. ನಾವು ಮಾಡೋ ಕೆಲಸ ಯಾರ ಹಾಳೆಯ ಎಷ್ಟನೇ ಸಾಲಲ್ಲಿದೆ? ನಮ್ಮ ಕೆಮ್ಮಣ್ಣುಗುಂಡಿ ಯಾವುದು, ಅಂದ್ರೆ ಯಾವ ಗಿರಾಕಿ, ಯಾವ ಕಾಂಟ್ರ್ಯಾಕ್ಟು ನಿಂತರೆ ಉಳಿದದ್ದೆಲ್ಲ ನಿಲ್ಲುತ್ತೆ? ಖಾಲಿಯಾದ ಜಾಗಕ್ಕೆ ಜನ ತಗೊಳ್ಳೋದು ಯಾವಾಗ ನಿಂತಿತು? ತೆಗೆದುಹಾಕುವ ಪಟ್ಟಿಗೆ ಸಹಿ ಹಾಕುವವರ ಸಂಬಳ ಯಾವುದಕ್ಕೆ ಕಟ್ಟಿದೆ, ಕೆಲಸ ಉಳಿಯೋದಕ್ಕೋ ಅಳಿಯೋದಕ್ಕೋ? ಇವಕ್ಕೆ ಉತ್ತರ ಗೊತ್ತಾದ ಮಾತ್ರಕ್ಕೆ ನೌಕರಿ ಉಳಿಯಲ್ಲ. ಆದರೆ ಮನೆ ಸಾಲ ತಗೊಳ್ಳೋ ಮೊದಲು, ಹೊಸ ಕೆಲಸ ಹುಡುಕೋ ಮೊದಲು ಒಂದು ನೆಲ ಸಿಗುತ್ತೆ. ಅಂತೆಕಂತೆಗಳ ಸಂತೆಯಲ್ಲಿ ನಿಂತು ಯಾರೂ ಸರಿಯಾದ ತೀರ್ಮಾನ ತಗೊಂಡಿಲ್ಲ.

ಇನ್ನೊಂದು ಮಾತು. ಆಲ್ ಹ್ಯಾಂಡ್ಸ್ ಮೀಟಿಂಗಿನಲ್ಲಿ ಪ್ರಶ್ನೆ ಕೇಳಲು ಹೆಸರಿಲ್ಲದ ಪೆಟ್ಟಿಗೆ ಇಟ್ಟಿರ್ತಾರಲ್ಲ, ಅದರಲ್ಲಿ ಎಲ್ಲರೂ ಕೇಳೋದು 'ಲೇಆಫ್ ಇದೆಯಾ?' ಅಂತ. ಅದಕ್ಕೆ ಬರೋ ಉತ್ತರ ಭದ್ರಾವತಿಯವರು ಆರು ವರ್ಷ ಕೇಳಿದ ಉತ್ತರವೇ: ಪರಿಶೀಲನೆಯಲ್ಲಿದೆ. ಮುಂದಿನ ಸಲ 'ಯಾರು, ಯಾವ ಲೆಕ್ಕದ ಮೇಲೆ, ಯಾವ ದಿನಾಂಕದೊಳಗೆ ತೀರ್ಮಾನ ಮಾಡ್ತಾರೆ?' ಅಂತ ಕೇಳಿ ನೋಡಿ. ಆಗದಿದ್ದರೆ ನಾಲ್ಕು ಜನ ಸೇರಿ ಕೇಳಿ, ಆ ನಾಲ್ಕರಲ್ಲಿ ಒಬ್ಬರದಾದರೂ ಪಾಸಿನ ಬಣ್ಣ ಬೇರೆ ಇರಲಿ.